ಗುಂಡಿಡಬ್ಬಿಯಲ್ಲಿ ಸಿಕ್ಕ ವಾಷರ್

ತಮ್ಮ ಹೋದ ಸುದ್ದಿ ಬಂದಾಗ ದರ್ಜಿ ಕೋಟೊಂದಕ್ಕೆ ತೋಳು ಕೂಡಿಸುತ್ತಿದ್ದ. ಅದು ನಿಗಾ ಬೇಡುವ ಕೆಲಸ. ಹೆಗಲಿನ ಬಳಿ ತೋಳಿನ ಬಟ್ಟೆ ತುಸು ಹೆಚ್ಚಿರುತ್ತದೆ. ಆ ಹೆಚ್ಚನ್ನು ನೆರಿಗೆ ಬೀಳದಂತೆ ಬೆರಳಿನಿಂದ ಒತ್ತಿಕೊಳ್ಳುತ್ತ ಹೊಲಿಯಬೇಕು. ಆದ್ದರಿಂದ ಬಾಗಿಲಲ್ಲಿ ನೆರಳು ಬಿದ್ದರೂ ಅವನು ತಲೆ ಎತ್ತಲಿಲ್ಲ. ಬಂದವನು ಎದುರು ಮನೆಯ ಗಾರೆ ಕೆಲಸದವ. ಆಳು ಎತ್ತರವಿದ್ದುದರಿಂದ ಬೀದಿಗೆಲ್ಲ ಅವನು ಉದ್ದಣ್ಣ.

“ಮಾಸ್ಟ್ರೇ, ಕಾಲು ನಿಲ್ಲಿಸಿ,” ಎಂದ.

“ಬಂದೆ ಇರಪ್ಪ, ಈ ತೋಳೊಂದು ಮುಗೀಲಿ.”

“ಕಾಲು ನಿಲ್ಲಿಸಿ ಮಾಸ್ಟ್ರೇ. ಸಣ್ಣ ಕತ್ತರಿ ಹೋಗ್ಬಿಟ್ಟ.”

ಅಂಗಡಿಯಲ್ಲಿ ಅಣ್ಣ ತಮ್ಮ ಇಬ್ಬರೇ. ಅಣ್ಣನನ್ನು ದೊಡ್ಡ ಕತ್ತರಿ, ತಮ್ಮನನ್ನು ಸಣ್ಣ ಕತ್ತರಿ ಎಂದು ಜನ ಕರೆಯುತ್ತ ಬಂದು ಇಬ್ಬರ ತಲೆಯೂ ನೆರೆತಿತ್ತು. ದರ್ಜಿಯ ಕಿವಿಗೆ ಮಾತು ಬಿತ್ತು, ಕಾಲಿಗೆ ಬೀಳಲಿಲ್ಲ. ಮೆಷಿನ್ನಿನ ತುಳಿಹಲಗೆ ಇನ್ನೂ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡುತ್ತಲೇ ಇತ್ತು. ಸೂಜಿ ತೋಳನ್ನು ದಾಟಿ ಬರಿಯ ಗಾಳಿಯನ್ನು ಹೊಲಿಯುತ್ತಿತ್ತು. ಒಳಗಿನಿಂದ ಹೆಂಡತಿ ಬಂದು ಗಂಡನ ಮೊಣಕಾಲಿನ ಮೇಲೆ ಕೈಯಿಟ್ಟ ಮೇಲೆಯೇ ಅದು ನಿಂತದ್ದು.

ತಮ್ಮ ಬೆಳಿಗ್ಗೆ ಶಾಲೆಯ ಸಮವಸ್ತ್ರಗಳ ಗಂಟನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟಿದ್ದ. ನೀರಿನ ಟ್ಯಾಂಕಿನ ತಿರುವಿನಲ್ಲಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಗಾಡಿ ಮಲಗಿತ್ತು, ಪಕ್ಕದಲ್ಲಿ ಅವನು ಮಲಗಿದ್ದ. ಮೈಮೇಲೆ ಗಾಯವೇನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ, “ಎದೆ ನಿಂತಿದೆ. ನಿಂತು ಬಿದ್ದರೋ, ಬಿದ್ದು ನಿಂತಿತೋ, ಹೇಳೋದು ಕಷ್ಟ,” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ತಿರುವಿನಲ್ಲಿ ಕಣ್ಣಾರೆ ಕಂಡವನು ಹಾಲಿನವನೊಬ್ಬನೇ. ಅವನು ಆಗ ಹೇಳಿದ್ದು ಒಂದೇ ಮಾತು: “ಹಿಂದಿನ ಚಕ್ರ ಅಲ್ಲಾಡಿದ ಹಾಗಿತ್ತು.”

ಆ ದಿನ ಆ ಮಾತು ಯಾರ ಮನಸ್ಸಿನಲ್ಲೂ ನಿಲ್ಲಲಿಲ್ಲ. ಮನೆಯ ಕಂಬವೇ ಬಿದ್ದಾಗ ಯಾವ ಮೊಳೆ ಸಡಿಲವಾಗಿತ್ತು ಎಂದು ಯಾರು ಕೇಳುತ್ತಾರೆ. ಮಣ್ಣು ಮಾಡಿದರು, ಬಂದವರು ಬಂದರು, ಹೋದವರು ಹೋದರು. ಠಾಣೆಯವರು ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ದರ್ಜಿ ಅದರ ಮೇಲೆ ಹಳೆಯ ಪರದೆ ಬಟ್ಟೆಯೊಂದನ್ನು ಹೊದಿಸಿ ಮತ್ತೆ ಹೊಲಿಗೆಗೆ ಕೂತ. ದುಃಖವಿತ್ತು, ಆದರೆ ಅದು ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಇರುವ ದುಃಖ, ದೇವರ ಮುಂದೆ ಕೂತು ಹೇಳಿಕೊಳ್ಳಬಹುದಾದ ದುಃಖ.

ಅದು ಬೇರೆಯಾದದ್ದು ಗುಂಡಿಡಬ್ಬಿಯಿಂದ.

ಒಂದು ಮಧ್ಯಾಹ್ನ ಹುಡುಗನ ಅಂಗಿಗೆ ಬಿಳಿ ಗುಂಡಿ ಬೇಕಾಗಿತ್ತು. ಡಬ್ಬಿಯೊಳಗೆ ಕೈ ಹಾಕಿ ಕಲಕಿದ. ಗುಂಡಿಗಳ ನಡುವೆ ತಣ್ಣಗಿನದು, ಭಾರದ್ದು ಏನೋ ಬೆರಳಿಗೆ ತಗುಲಿತು. ತೆಗೆದು ನೋಡಿದರೆ ಕಬ್ಬಿಣದ ವಾಷರ್. ಸವೆದು ತಟ್ಟೆಯ ಹಾಗೆ ಬಾಗಿತ್ತು. ಒಂದು ಅಂಚಿನಲ್ಲಿ ಸಣ್ಣ ಸೀಳು. ಆ ಸೀಳನ್ನು ಅವನು ಮೊದಲೂ ಕಂಡಿದ್ದ. ಗ್ರೀಸು ಒರೆಸಿ ಅದನ್ನು ದಾರಕ್ಕೆ ಪೋಣಿಸಿದವನು ಅವನೇ.

ಅಂಗಿ ಮಡಿಲಿನಿಂದ ಜಾರಿ ಕೆಳಗೆ ಬಿತ್ತು.

ತಮ್ಮ ಹೋಗುವುದಕ್ಕೆ ಕೆಲವು ದಿನ ಮೊದಲು ಗಾಡಿಯ ಹಿಂದಿನ ಟಯರು ಪಂಕ್ಚರ್ ಆಗಿತ್ತು. ಮೆಕ್ಯಾನಿಕ್ಕು ಅಂಗಡಿಗೆ ಬೀಗ ಹಾಕಿ ಮಗಳ ಮನೆಗೆ ಹೋಗಿದ್ದ. ತಮ್ಮ ಅಂಗಳದಲ್ಲಿ ತೋಳು ಮಡಿಸಿ ನಿಂತು, “ಚಕ್ರ ಬಿಚ್ಚಿ ಕೊಟ್ರೆ ಸೈಕಲ್ ಅಂಗಡಿಯವನೇ ತೇಪೆ ಹಾಕ್ತಾನೆ. ಬಿಚ್ಚೋಣ ಬಾ ಅಣ್ಣ,” ಎಂದ.

“ನಮಗೇನು ಗೊತ್ತೋ ಅದರ ಗುಟ್ಟು?”

“ಕೋಟನ್ನೇ ಬಿಚ್ಚಿ ಒಳಗಿಂದ ಹೊರಗೆ ತಿರುಗಿಸಿ ಮತ್ತೆ ಹೊಲಿಯೋನು ನೀನು. ಇದರಲ್ಲಿ ಅಸ್ತರು ಕೂಡ ಇಲ್ಲ.”

“ಹೊಲಿಗೆ ತಪ್ಪಿದ್ರೆ ಅಂಗಿ ಹರಿಯತ್ತೆ ಕಣೋ. ಇದು ತಪ್ಪಿದ್ರೆ?”

“ತಪ್ಪಿದ್ರೆ ಚಕ್ರ ನನಗಿಂತ ಮುಂಚೆ ಶಾಲೆ ತಲುಪತ್ತೆ. ಮಕ್ಕಳು ಸಮವಸ್ತ್ರ ಬರ್ತಾ ಇದೆ ಅಂತ ತಿಳ್ಕೊಳ್ತಾರೆ.”

ಹೀಗೆ ಮಾತನಾಡುವವನ ಮುಂದೆ ಬೇಡ ಎನ್ನುವುದು ಹೇಗೆ. ಉದ್ದಣ್ಣನ ಮನೆಯಿಂದ ಇಟ್ಟಿಗೆ ಬಂತು, ಒಂದು ದಪ್ಪ ಸ್ಪ್ಯಾನರ್ ಬಂತು, ಸ್ಪ್ಯಾನರಿನ ಹಿಡಿಗೆ ತೂರಿಸಿ ಉದ್ದ ಮಾಡಲು ತುಂಡು ನೀರಿನ ಪೈಪು ಬಂತು. ಬಟ್ಟೆ ಕತ್ತರಿಸುವ ಮೇಜಿನ ಹಲಗೆಯನ್ನು ಇಟ್ಟಿಗೆಯ ಮೇಲಿಟ್ಟು ಗಾಡಿಯ ಹೊಟ್ಟೆಗೆ ಆನಿಸಿದರು. ಗಾಡಿ ಮುಂದೆ ಉರುಳದಿರಲೆಂದು ಮೆಷಿನ್ನಿನ ಹಳೆಯ ಚರ್ಮದ ಬೆಲ್ಟಿನಿಂದ ಮುಂದಿನ ಬ್ರೇಕಿನ ಹಿಡಿಕೆಯನ್ನು ಬಿಗಿದು ಕಟ್ಟಿದರು. ತುಕ್ಕು ಹಿಡಿದ ನಟ್ಟಿಗೆ ಮೆಷಿನ್ನಿನ ಎಣ್ಣೆ ಬಿಟ್ಟರು. ಬಿಚ್ಚಿದ್ದನ್ನೆಲ್ಲ ದರ್ಜಿ ಕಾಜಾ ಹಾಕುವ ಗಟ್ಟಿ ದಾರಕ್ಕೆ ಒಂದರ ಹಿಂದೊಂದು ಪೋಣಿಸಿದ. ಹಳೆಯ ಕೋಟು ಬಿಚ್ಚುವಾಗ ಗುಂಡಿಗಳನ್ನು ಹಾಗೆಯೇ ಪೋಣಿಸುವುದು ಅವರ ಅಪ್ಪನ ಕಾಲದ ಕ್ರಮ. ಕೊನೆಯಲ್ಲಿ ಬಿಚ್ಚಿದ್ದು ಮೊದಲು ಹೋಗಬೇಕು. ದಾರ ಬರಿದಾದರೆ ಕೆಲಸ ಮುಗಿಯಿತು ಎಂದು ಅರ್ಥ. ಚಕ್ರದ ನಡುಗುಂಬಕ್ಕೂ ಚೈನಿನ ಬದಿಯ ಕಬ್ಬಿಣದ ತೋಳಿಗೂ ನಡುವೆ ಕೂರುವ ಈ ಬಾಗಿದ ವಾಷರ್ ಕೊನೆಯದಾಗಿ ಬಂದಿತ್ತು.

ತಮ್ಮ ಚಕ್ರವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ತೇಪೆ ಹಾಕಿಸಿ ತಂದ. ಮತ್ತೆ ಕೂರಿಸುವ ಹೊತ್ತಿಗೆ ಸಂಜೆಯಾಯಿತು. ದರ್ಜಿಯದು ಸಂಜೆಯ ಪ್ರಾರ್ಥನೆಯ ಹೊತ್ತು. ಎಷ್ಟೇ ಅವಸರದ ಹೊಲಿಗೆಯಿರಲಿ ಅವನು ಅದನ್ನು ತಪ್ಪಿಸಿದವನಲ್ಲ.

“ನೀನು ಹೋಗು ಅಣ್ಣ, ದೇವರನ್ನ ಕಾಯಿಸ್ಬೇಡ,” ಎಂದ ತಮ್ಮ. “ಚಕ್ರ ಎಲ್ಲೂ ಓಡಿ ಹೋಗಲ್ಲ. ಬಿಚ್ಚಿಟ್ಟಿದೆ.”

ಕೈ ತೊಳೆದು ಒಳಗೆ ಹೋಗಿ ಪ್ರಾರ್ಥನೆ ಮುಗಿಸಿ ಬಂದಾಗ ಚಕ್ರ ತನ್ನ ಜಾಗದಲ್ಲಿತ್ತು. ಬರಿಯ ದಾರವನ್ನು ತಮ್ಮ ಕಿವಿಗೆ ಸುತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. “ಬಿಗಿ ಮಾಡೋದು ನಿನ್ನ ಕೈಯಿಂದಲೇ ಆಗ್ಲಿ. ನಿನ್ನ ಕೈ ಗಟ್ಟಿ,” ಎಂದ. ದರ್ಜಿ ಪೈಪಿನ ಮೇಲೆ ಮೈಭಾರವನ್ನೆಲ್ಲ ಹಾಕಿ ನಟ್ಟು ಬಿಗಿದ. ದಾರ ಬರಿದಾಗಿದೆಯಲ್ಲ ಎಂದು ಸುಮ್ಮನಾದ. ಒಳಗೆ ಏನು ಹೋಯಿತು, ಏನು ಬಿಟ್ಟಿತು ಎಂದು ನೋಡಲಿಲ್ಲ. ನೋಡಬೇಕಾದ ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದ.

ಈಗ ಆ ವಾಷರ್ ಅಂಗೈಯಲ್ಲಿತ್ತು. ಹಾಲಿನವನ ಮಾತು ಎಲ್ಲಿಂದಲೋ ಬಂದು ಅದರ ಪಕ್ಕದಲ್ಲೇ ಕೂತಿತು. ಒಳಗೆ ವಾಷರ್ ಇಲ್ಲದೆ ನಟ್ಟು ಬಿಗಿದರೆ ಚಕ್ರ ಓರೆ ನಿಲ್ಲುತ್ತದೆ, ಓರೆ ನಿಂತದ್ದು ಸಡಿಲವಾಗಿ ಅಲ್ಲಾಡುತ್ತದೆ. ತಮ್ಮನ ಎದೆ ನಿಂತು ಗಾಡಿ ಬಿದ್ದದ್ದಲ್ಲ, ಗಾಡಿ ಬಿದ್ದು ಎದೆ ನಿಂತಿತು. ಬಿಗಿದ ಕೈ ತನ್ನದು.

ಅಂದಿನಿಂದ ಅವನು ಪ್ರಾರ್ಥನೆಗೆ ಕೂರುತ್ತಿದ್ದ, ಪ್ರಾರ್ಥನೆ ಬರುತ್ತಿರಲಿಲ್ಲ. ಕೈ ಜೋಡಿಸಿದರೆ ಎದುರಿಗೆ ಕಾಣುವುದು ಆ ಕೈಗಳೇ. ತಮ್ಮನಿಗೆ ಶಾಂತಿ ಕೊಡು ಎನ್ನಲು ಬಾಯಿ ತೆರೆದರೆ, ಅವನ ಶಾಂತಿಯನ್ನು ಕೆಡಿಸಿದವನೇ ನೀನಲ್ಲವೇ ಎಂದು ಒಳಗಿನಿಂದ ಒಂದು ದನಿ. ದೇವರ ಹೆಸರೂ ನಾಲಗೆಯಲ್ಲಿ ಒಣಗಿತು. ಹೆಂಡತಿಗೆ ಹೇಳಲಿಲ್ಲ. ಅದು ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತು. ವಾಷರನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು, ಜೇಬಿನ ಬಾಯಿಗೆ ನಾಲ್ಕು ಹೊಲಿಗೆ ಹಾಕಿದ.

ಹೀಗಿರುವಾಗ ತಮ್ಮನ ಹೆಂಡತಿ ಒಂದು ಬೆಳಿಗ್ಗೆ ಅಂಗಡಿಗೆ ಬಂದಳು. ಅವಳು ಅಳುವಷ್ಟು ಅತ್ತು ಮುಗಿಸಿ ಎದ್ದು ನಿಂತ ಹೆಂಗಸು. ಮಾತು ಕಡಿಮೆ, ಆಡಿದರೆ ಕತ್ತರಿಸಿದಂತೆ.

“ಭಾವ, ಗಾಡಿ ಬೀಗದ ಕೈ ಕೊಡಿ. ಶಾಲೆಯವರು ಹೇಳಿ ಕಳಿಸಿದಾರೆ. ಬಟ್ಟೆ ನಾನೇ ಕೊಟ್ಟು ಬರ್ತೀನಿ.”

ದರ್ಜಿ ಟೇಪನ್ನು ಕೊರಳಿನಿಂದ ತೆಗೆದು ಮತ್ತೆ ಹಾಕಿಕೊಂಡ. “ಗಾಡಿ ಬೇಡಮ್ಮ. ಬೇರೆ ಯಾರನ್ನಾದ್ರೂ ಕಳಿಸೋಣ.”

“ಯಾರನ್ನ? ನನಗೆ ಓಡಿಸೋಕೆ ಬರತ್ತೆ. ಅವರೇ ಕಲಿಸಿದ್ದು.”

“ಬರತ್ತೆ ಅಂತ ಗೊತ್ತು. ಆದ್ರೂ ಬೇಡ.”

“ಹೆಂಗಸು ಗಾಡಿ ಓಡಿಸ್ಬಾರದು ಅಂತಾನಾ? ಗಂಡ ಸತ್ತವಳು ಮನೇಲಿ ಕೂತಿರ್ಬೇಕು ಅಂತಾನಾ? ಏನಿದ್ರೂ ಬಾಯಿ ಬಿಟ್ಟು ಹೇಳಿ ಭಾವ. ಈ ಮನೇಲಿ ನನಗೆ ಯಾರೂ ಇದುವರೆಗೆ ಹಾಗೆ ಹೇಳಿಲ್ಲ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಸೀದಾ ಅಂಗಳಕ್ಕೆ ಹೋಗಿ ಗಾಡಿಯ ಮೇಲಿನ ಪರದೆಯನ್ನು ಎಳೆದು ಮಡಿಸತೊಡಗಿದಳು. ಬಟ್ಟೆ ಮಡಿಸುವ ಆ ಸದ್ದು ದರ್ಜಿಗೆ ಒಳಗೆ ಕೇಳಿಸಿತು. ಈ ಚಕ್ರದ ಮೇಲೆ ಇವಳೂ ಹೋಗಿ ಅದೇ ತಿರುವಿನಲ್ಲಿ ಬಿದ್ದರೆ? ಒಂದು ಮಾತು ನುಂಗಿದ್ದಕ್ಕೆ ಇನ್ನೊಂದು ಜೀವವೇ? ಅವನು ಎದ್ದು ಹೋದ. ಒಳಜೇಬಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿ ವಾಷರನ್ನು ಅವಳ ಅಂಗೈಯ ಮೇಲಿಟ್ಟ. ಎಲ್ಲವನ್ನೂ ಹೇಳಿದ. ದಾರ, ಪ್ರಾರ್ಥನೆ, ಪೈಪು, ಹಾಲಿನವನ ಮಾತು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಾರದೆ ಮೋಟಾರ್ ಸೈಕಲ್ಲಿನ ಮುಖ ನೋಡುತ್ತಿದ್ದ.

ಅವಳು ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ದರ್ಜಿಯ ಹೆಂಡತಿ ಬಂದು ನಿಂತಿದ್ದಳು, ಅವಳಿಗೂ ಕೇಳಿಸಿತ್ತು.

“ಹಾಗಾದ್ರೆ ಬಿಚ್ಚಿ ನೋಡೋಣ,” ಎಂದಳು ತಮ್ಮನ ಹೆಂಡತಿ.

“ಮೆಕ್ಯಾನಿಕ್ಕು ಊರಲ್ಲೇ ಇದಾನೆ. ಅವನಿಗೆ…”

“ಬೇಡ. ಅವನು ಬಿಚ್ಚಿದ್ರೆ ನಮಗಿಂತ ಮುಂಚೆ ಬೀದಿಗೆ ಗೊತ್ತಾಗತ್ತೆ. ನೀವು ಬಿಗಿ ಮಾಡಿದ್ದು, ನೀವೇ ಬಿಚ್ಚಿ. ನನ್ನ ಕಣ್ಣ ಮುಂದೆ ಬಿಚ್ಚಿ.”

“ಒಳಗೆ ಏನೂ ಇಲ್ಲ ಅಂತ ಆದ್ರೆ?”

“ಆಗ ಅಳೋಣ. ಈಗ ಸ್ಪ್ಯಾನರ್ ಎಲ್ಲಿದೆ ಹೇಳಿ.”

ಸ್ಪ್ಯಾನರೂ ಪೈಪೂ ಉದ್ದಣ್ಣನ ಮನೆಗೆ ವಾಪಸು ಹೋಗಿಯೇ ಇರಲಿಲ್ಲ. ಕತ್ತರಿಸುವ ಮೇಜಿನ ಕೆಳಗಿದ್ದವು. ಇಟ್ಟಿಗೆಗಳು ಗಿಡದ ಬುಡದಲ್ಲಿದ್ದವು. ಹೆಂಡತಿ ಅವನ್ನು ಸೆರಗಿನಲ್ಲಿ ತುಂಬಿಕೊಂಡು ತಂದಳು. ದರ್ಜಿ ಮೇಜಿನ ಹಲಗೆ ತಂದ. ಅವನೂ ತಮ್ಮನ ಹೆಂಡತಿಯೂ ಗಾಡಿಯನ್ನು ಓರೆ ಮಾಡಿದಾಗ, ಹೆಂಡತಿ ಹಲಗೆಯನ್ನು ಕೆಳಗೆ ತಳ್ಳಿದಳು. ಹಿಂದಿನ ಚಕ್ರ ನೆಲ ಬಿಟ್ಟು ತುಸು ಮೇಲೆ ನಿಂತಿತು.

“ಮೊದಲು ತಿರುಗಿಸಿ ನೋಡಿ ಭಾವ.”

ಅವನು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡ. ಅವಳೇ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಅದು ಅತ್ತ ಇತ್ತ ವಾಲದೆ ನೆಟ್ಟಗೆ ತಿರುಗಿತು. ದರ್ಜಿ ಗದ್ದದ ಕೆಳಗೆ ಕೈಯಿಟ್ಟು ಕುಕ್ಕರಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಅಂಗಿಯ ಕೊರಳಪಟ್ಟಿ ಓರೆಯಿದೆಯೇ ಎಂದು ನೋಡುವುದು ಹಾಗೆಯೇ. ಸಮಾಧಾನವಾಗಲಿಲ್ಲ. ಕೊರಳಿನ ಟೇಪು ತೆಗೆದು ಚಕ್ರದಿಂದ ಎಡಗಡೆಯ ತೋಳಿಗೆಷ್ಟು, ಬಲಗಡೆಯ ತೋಳಿಗೆಷ್ಟು ಎಂದು ಅಳೆದ. ಎರಡೂ ಕಡೆ ಒಂದೇ ಬಂತು.

“ಸರಿ ಇದೆಯಲ್ಲ,” ಎಂದಳು ಹೆಂಡತಿ.

“ಮೇಲಿಂದ ಸರಿ. ಒಳಗೆ ನೋಡ್ಬೇಕು. ಅಸ್ತರಿನ ಒಳಗೆ ಏನಿದೆ ಅಂತ ಹೊರಗಿಂದ ಗೊತ್ತಾಗತ್ತಾ?” ಆ ಜಾಗವನ್ನು ಚೈನಿನ ತಗಡಿನ ಮುಚ್ಚಳ ಮರೆಮಾಡಿತ್ತು. ಚಕ್ರ ಹೊರಗೆ ಬಾರದೆ ಅದು ಕಾಣುವಂತಿರಲಿಲ್ಲ.

ಬ್ರೇಕಿನ ಸರಳಿನ ತುದಿಯ ಸಣ್ಣ ನಟ್ಟು ಕೈಯಲ್ಲೇ ಬಿಚ್ಚಿತು. ಮುಂದಿನದು ನಡು ಸರಳಿನ ದೊಡ್ಡ ನಟ್ಟು. ಅದರ ಮೂತಿಗೆ ಅಡ್ಡಲಾಗಿ ಒಂದು ತೆಳು ಪಿನ್ನು ತೂರಿ, ಎರಡು ಕಾಲುಗಳನ್ನು ಅಗಲಿಸಿ ಮಡಿಸಿತ್ತು. ನಟ್ಟು ತಾನಾಗಿ ತಿರುಗದಂತೆ ತಡೆಯುವುದು ಅದೇ. ಪಿನ್ನು ಮುರಿದಿರಲಿಲ್ಲ, ಸವೆದೂ ಇರಲಿಲ್ಲ. ಬಟ್ಟೆ ಕತ್ತರಿಸುವ ಕತ್ತರಿಯನ್ನು ಅವನು ಕಾಗದಕ್ಕೂ ಮುಟ್ಟಿಸದವನು. ಮೊಂಡಾಗಿದ್ದ ಹಳೆಯ ಕತ್ತರಿಯೊಂದರ ತುದಿಯಿಂದ ಪಿನ್ನಿನ ಕಾಲು ನೇರ ಮಾಡಿ ಎಳೆದ. ಆಮೇಲೆ ಸ್ಪ್ಯಾನರ್ ಹಚ್ಚಿ, ಪೈಪು ತೂರಿಸಿ ಒತ್ತಿದ. ನಟ್ಟು ಅಲುಗಲಿಲ್ಲ. ಇನ್ನೂ ಒತ್ತಿದ. ಕತ್ತಿನ ನರ ಉಬ್ಬಿತು, ನಟ್ಟಿಗೆ ಏನೂ ಆಗಲಿಲ್ಲ.

“ಏಳಿ ಭಾವ, ನಾನು ನೋಡ್ತೀನಿ,” ಎಂದು ಅವಳು ಕೈಹಾಕಿದಳು. ಇಬ್ಬರೂ ಸೇರಿ ಒತ್ತಿದರು. ಪೈಪು ಬಾಗಿದಂತೆ ಕಂಡಿತು, ನಟ್ಟು ಬಾಗಲಿಲ್ಲ.

“ಅಕ್ಕ, ನೀವೂ ಬನ್ನಿ. ಮದುವೆ ಆದಾಗಿನಿಂದ ಭಾವನ ಹಟ ಮುರಿದವರು ನೀವು. ಇದು ಅವರು ಬಿಗಿದದ್ದೇ.”

“ಅಯ್ಯೋ, ಆ ಹಟ ಎಲ್ಲಿ ಮುರೀತು. ಸುತ್ತಿ ಬಳಸಿ ಹೋಗೋದು ಕಲಿತೆ ಅಷ್ಟೆ,” ಎನ್ನುತ್ತ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಪೈಪಿನ ತುದಿಯ ಮೇಲೆ ಕೂತೇ ಬಿಟ್ಟಳು. ನಟ್ಟು ಅವಳನ್ನೂ ಕೂರಿಸಿಕೊಂಡು ಸುಮ್ಮನಿತ್ತು.

ಆಗ ದರ್ಜಿಗೆ ಒಂದು ವಿಚಿತ್ರವಾದ ಸುಖ ಮೊಳೆಯಿತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದ. ಇಂದು ಆ ನಟ್ಟು ಹಟ ಹಿಡಿದಷ್ಟೂ ಅವನ ಎದೆಯ ಮೇಲಿನ ಬಂಡೆ ಎಳ್ಳಷ್ಟು ಎಳ್ಳಷ್ಟೇ ಜರುಗುತ್ತಿತ್ತು. ಮೂವರು ಕೂತರೂ ಬಿಚ್ಚದ್ದು ರಸ್ತೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತೇ? ಬಿಚ್ಚದಿರಲಿ, ಹೀಗೇ ಇರಲಿ ಎಂದು ಒಂದು ಮನಸ್ಸು. ಬಿಚ್ಚಿ ನೋಡದೆ ಈ ಸಂಶಯ ಸಾಯುವುದಿಲ್ಲ ಎಂದು ಇನ್ನೊಂದು.

ಮೆಷಿನ್ನಿನ ಎಣ್ಣೆಯ ಕುಪ್ಪಿ ತಂದು ನಟ್ಟಿನ ಸುತ್ತ ಹನಿಹನಿಯಾಗಿ ಬಿಟ್ಟ. ಎಣ್ಣೆ ಒಳಗಿಳಿಯಲೆಂದು ಮೂವರೂ ಇಟ್ಟಿಗೆಗಳ ಮೇಲೆ ಕೂತರು. ಹೆಂಡತಿ ನೀರು ತಂದು ಕೊಟ್ಟಳು.

“ಅವರೂ ಈ ನಟ್ಟಿನ ಹಾಗೇ, ಬಿಚ್ಚಿ ಹೇಳೋರಲ್ಲ,” ಎಂದಳು ತಮ್ಮನ ಹೆಂಡತಿ, ಲೋಟವನ್ನು ನೋಡುತ್ತ. “ಕಳೆದ ತಿಂಗಳೆಲ್ಲ ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂಡು ನಿಲ್ತಾ ಇದ್ರು. ಏನು ಅಂದ್ರೆ, ಮೆಟ್ಟಿಲು ಎಣಿಸ್ತಾ ಇದೀನಿ, ಒಂದು ಕಡಿಮೆ ಇದೆ ಅನ್ನೋರು. ನಾನೂ ನಕ್ಕೆ. ನಿಮಗೆ ಹೇಳ್ಬೇಡ ಅಂದಿದ್ರು.”

ದರ್ಜಿ ತಲೆ ಎತ್ತಿದ. ಅವಳ ಕಣ್ಣಲ್ಲಿ ನೀರಿತ್ತು. ತನ್ನಂತೆ ಇವಳೂ ಒಂದನ್ನು ಒಳಜೇಬಿನಲ್ಲಿಟ್ಟು ಹೊಲಿದುಕೊಂಡಿದ್ದಳು ಎಂದು ಅವನಿಗೆ ಆಗ ತಿಳಿಯಿತು.

“ನಗಿಸೋನ ಮುಂದೆ ಯಾರು ತಾನೆ ನಗದೆ ಇರ್ತಾರಮ್ಮ,” ಎಂದ. ಅಷ್ಟೇ ಸಾಕಾಯಿತೇನೋ, ಅವಳು ಕಣ್ಣೊರೆಸಿಕೊಂಡು ಎದ್ದಳು.

ಈ ಸಲ ಮೂವರೂ ಒಮ್ಮೆಗೇ ಪೈಪಿನ ಮೇಲೆ ಬಿದ್ದರು. ಕಟ್ ಎಂದು ಒಂದು ಸದ್ದಾಯಿತು. ಪೈಪು ಮುರಿಯಿತೆಂದುಕೊಂಡರು, ತಿರುಗಿದ್ದು ನಟ್ಟು. ಆಮೇಲೆ ಅದು ಮುನಿಸು ಬಿಟ್ಟ ಮಗುವಿನಂತೆ ಬೆರಳಿನಲ್ಲೇ ಬಂತು. ನಡು ಸರಳನ್ನು ಹೊರಗೆ ಹೊಡೆಯಲು ಒಂದು ಕಬ್ಬಿಣದ ಸಲಾಕೆ ಸಿಕ್ಕಿತು. ಸರಳಿನ ತಿರುಪಿನ ಗೆರೆ ಹಾಳಾಗದಿರಲೆಂದು ಸಲಾಕೆಯ ತುದಿಗೆ ಚಿಂದಿಬಟ್ಟೆ ಸುತ್ತಿ, ಮೆಲ್ಲಗೆ ಸುತ್ತಿಗೆಯಿಂದ ತಟ್ಟಿದ. ಸರಳು ಅಂಗುಲ ಅಂಗುಲವಾಗಿ ಆ ಕಡೆ ಹೊರಟಿತು. ತಮ್ಮನ ಹೆಂಡತಿ ಚಕ್ರವನ್ನು ಎರಡೂ ಕೈಯಿಂದ ಹಿಡಿದಿದ್ದಳು. ಸರಳು ಪೂರ್ತಿ ಬಂದಾಗ ಚಕ್ರದ ಭಾರವೆಲ್ಲ ಅವಳ ಕೈಗಿಳಿಯಿತು.

“ನೀನು ನೋಡಮ್ಮ,” ಎಂದ ದರ್ಜಿ. ಅವನು ಮುಖ ತಿರುಗಿಸಿಕೊಂಡಿದ್ದ.

ಅವಳು ಚಕ್ರವನ್ನು ಗೋಡೆಗೆ ಒರಗಿಸಿ, ಗಾಡಿಯ ಹಿಂದೆ ನೆಲದ ಮೇಲೆ ಬಗ್ಗಿ, ಚೈನಿನ ಮುಚ್ಚಳದ ಒಳಗೆ ಬೆರಳಾಡಿಸಿದಳು. ಗ್ರೀಸಿನೊಳಗೆ ಬೆರಳು ಏನನ್ನೋ ಮುಟ್ಟಿ ನಿಂತಿತು.

“ಭಾವ, ಇಲ್ಲೊಂದು ಬಿಲ್ಲೆ ಇದೆ.”

“ಸರಿಯಾಗಿ ನೋಡು.”

“ಇದೆ ಅಂದ್ರೆ ಇದೆ. ತಗೊಳ್ಳಿ.”

ಅವನು ಅಂಗೈ ಒಡ್ಡಿದ. ಗ್ರೀಸು ಮೆತ್ತಿದ್ದ ವಾಷರ್ ಒಂದು ಅದರ ಮೇಲೆ ಬಿತ್ತು. ಬಾಗಿರಲಿಲ್ಲ, ಹಲಗೆಯ ಹಾಗೆ ಸಮವಾಗಿತ್ತು, ಹಳೆಯದಕ್ಕಿಂತ ದಪ್ಪ. ಚಿಂದಿಯಿಂದ ಒರೆಸಿದ. ಒಂದು ಮುಖದಲ್ಲಿ ಹಸಿರು ಬಣ್ಣ ಕಂಡಿತು. ಬಿಸಿಲಿಗೆ ಹಿಡಿದು ನೋಡಿದ. ತೂತಿನ ಒಳ ಅಂಚಿನಲ್ಲಿ ಸುತ್ತಲೂ ಅರದಿಂದ ಉಜ್ಜಿದ ಗೀರುಗಳು. ತೂತು ತುಸು ಕಿರಿದಾಗಿದ್ದುದನ್ನು ಯಾರೋ ತಾಳ್ಮೆಯಿಂದ ಉಜ್ಜಿ ಸರಳಿನ ಅಳತೆಗೆ ತಂದಿದ್ದರು.

ಆ ಹಸಿರು ಅವನಿಗೆ ಗೊತ್ತಿತ್ತು. ಅದನ್ನು ಬಳಿದವನು ಅವನೇ. ವಾಷರನ್ನು ಹಿಡಿದುಕೊಂಡೇ ಅಂಗಡಿಯೊಳಗೆ ಹೋಗಿ, ಮೆಷಿನ್ನಿನ ಕೆಳಗೆ ಮಂಡಿಯೂರಿ, ತುಳಿಹಲಗೆಯ ಪಕ್ಕದ ದೊಡ್ಡ ಗಾಲಿಯ ಬುಡವನ್ನು ನೋಡಿದ. ವಾಷರ್ ಇರಬೇಕಾದ ಜಾಗದಲ್ಲಿ ಒಂದು ತುಂಡು ಚರ್ಮ ಕತ್ತರಿಸಿ ಸುತ್ತಿತ್ತು. ಹಳೆಯ ಬೆಲ್ಟಿನ ಚರ್ಮ.

“ಕಳ್ಳ,” ಎಂದ ದರ್ಜಿ ಮೆಷಿನ್ನಿನ ಕೆಳಗಿನಿಂದ. “ಕಳ್ಳ ನನ್ನ ಮಗ.”

ಹೆಂಗಸರಿಬ್ಬರೂ ಓಡಿ ಬಂದರು. ಅವನು ನೆಲದ ಮೇಲೆ ಕೂತು ನಗುತ್ತಿದ್ದ, ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ನನ್ನ ಮೆಷಿನ್ನಿಂದ ಬಿಚ್ಚಿದಾನೆ. ಹಳೇ ವಾಷರ್ ಸೀಳಿತ್ತಲ್ಲ, ಅದನ್ನ ಹಾಕೋಕೆ ಮನಸ್ಸು ಬಂದಿಲ್ಲ. ನಾನು ದೇವರ ಮುಂದೆ ಕೂತಿದ್ದಾಗ ಇದನ್ನ ಬಿಚ್ಚಿ, ಉಜ್ಜಿ, ಅಲ್ಲಿಗೆ ಹಾಕಿದಾನೆ. ಸೀಳಿದ್ದನ್ನ ಗುಂಡಿಡಬ್ಬಿಗೆ ಬಿಸಾಕಿದಾನೆ. ಮೆಷಿನ್ನಿಗೆ ಚರ್ಮದ ತೇಪೆ.”

“ಅದಕ್ಕೇ,” ಎಂದಳು ಹೆಂಡತಿ. “ಇಷ್ಟು ದಿನದಿಂದ ನಿಮ್ಮ ಮೆಷಿನ್ನು ಕುಂಟ್ತಾ ಇತ್ತು. ನಾನು ನಿಮ್ಮ ಕಾಲೇ ಸೋತಿದೆ ಅಂದುಕೊಂಡು ಸುಮ್ಮನಿದ್ದೆ.”

“ಹೇಳ್ಬಹುದಿತ್ತಲ್ಲ ನನಗೆ.”

“ಹೇಳ್ತಾರಾ?” ಎಂದಳು ತಮ್ಮನ ಹೆಂಡತಿ. ಅವಳೂ ಅತ್ತು ನಗುತ್ತಿದ್ದಳು. “ಮೆಷಿನ್ನಿನ ಒಂದು ಸ್ಕ್ರೂ ಮುಟ್ಟಿದ್ರೂ ನೀವು ಮೂರು ದಿನ ಮಾತಾಡಲ್ಲ ಅಂತ ಅವರಿಗೆ ಗೊತ್ತಿಲ್ವಾ? ಹೊಸದು ತಂದು ಗೊತ್ತಾಗದ ಹಾಗೆ ಹಾಕಿಬಿಡೋಣ ಅಂತ ಇದ್ದಿರ್ಬೇಕು.”

ತರುವಷ್ಟು ದಿನ ಅವನಿಗೆ ಸಿಗಲಿಲ್ಲ.

ಅಷ್ಟರಲ್ಲಿ ಸುತ್ತಿಗೆಯ ಸದ್ದು ಕೇಳಿ ಉದ್ದಣ್ಣ ಬಂದ. ಅಂಗಳದ ನಡುವೆ ಒಂದೇ ಚಕ್ರದ ಮೇಲೆ ನಿಂತ ಗಾಡಿಯನ್ನೂ, ಗ್ರೀಸು ಮೆತ್ತಿಕೊಂಡ ಮೂವರನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟ.

“ಇದೇನು ಮಾಸ್ಟ್ರೇ, ಗಾಡಿಗೂ ಅಳತೆ ತಗೊಂಡ್ರಾ?”

“ಉದ್ದಣ್ಣ,” ಎಂದ ದರ್ಜಿ, “ಆ ಹಾಲಿನವನು ಚಕ್ರ ಅಲ್ಲಾಡ್ತು ಅಂದಿದ್ನಲ್ಲ. ನಿಜವಾಗಿ ಏನು ಕಂಡ ಅವನು?”

“ಅವನ ಮಾತು ಬಿಡಿ. ಇಲಿ ಹೋದ್ರೆ ಹುಲಿ ಹೋಯ್ತು ಅನ್ನೋ ಪೈಕಿ. ಮೊದಲ ದಿನ ಚಕ್ರ ಅಲ್ಲಾಡ್ತು ಅಂದ. ಆಮೇಲೆ ಗಾಡಿ ಕುಣೀತು ಅಂದ. ಮೊನ್ನೆ ನಾನೇ ಹಿಡ್ಕೊಂಡು ಕೂರಿಸಿ ಕೇಳಿದೆ. ಆಗ ನಿಜ ಹೇಳಿದ. ಸಣ್ಣ ಕತ್ತರಿ ದೂರದಿಂದಲೇ ಗಾಡಿ ನಿಧಾನ ಮಾಡ್ಕೊಂಡು, ಒಂದು ಕೈ ಎದೆ ಮೇಲಿಟ್ಟು, ಒಂದೇ ಕೈಯಲ್ಲಿ ಹಿಡ್ಕೊಂಡು ಓಲಾಡ್ತಾ ಬಂದನಂತೆ. ದಾರೀಲಿ ಮಕ್ಕಳು ಇದ್ರಂತೆ. ಅವರನ್ನ ತಪ್ಪಿಸಿ ಮರಳಿನ ಕಡೆ ತಿರುಗಿಸಿದ. ನಿಮಗೆ ನೋವಾಗತ್ತೆ ಅಂತ ನಾನು ಹೇಳೋಕೆ ಬರ್ಲಿಲ್ಲ.”

ತಮ್ಮನ ಹೆಂಡತಿ ಕೆಳಗೆ ಕೂತಳು. ದರ್ಜಿಯ ಹೆಂಡತಿ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಉದ್ದಣ್ಣ ತಾನು ಆಡಬಾರದ್ದೇನಾದರೂ ಆಡಿದೆನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ.

“ಒಳ್ಳೇದು ಹೇಳಿದೆಯಪ್ಪ,” ಎಂದ ದರ್ಜಿ. “ಬಹಳ ಒಳ್ಳೇದು ಹೇಳಿದೆ.”

ಚಕ್ರವನ್ನು ಮತ್ತೆ ಕೂರಿಸುವಾಗ ಉದ್ದಣ್ಣನೂ ಕೈಹಾಕಿದ. ಹಸಿರು ವಾಷರ್ ಅದರ ಜಾಗಕ್ಕೇ ಹೋಯಿತು. ಮೆಷಿನ್ನಿಗೆ ಚರ್ಮವೇ ಇರಲಿ ಎಂದು ದರ್ಜಿ ತೀರ್ಮಾನಿಸಿದ, ಕುಂಟಿದರೆ ಕುಂಟಲಿ. ನಟ್ಟು ಬಿಗಿಯುವ ಹೊತ್ತು ಬಂದಾಗ ಅವನು ಪೈಪನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟ. ಅವಳು ಬಿಗಿದಳು. ಅವನು ಒಮ್ಮೆ ಒತ್ತಿ ನೋಡಿ ತಲೆಯಾಡಿಸಿದ. ಹೊಸ ಪಿನ್ನು ತೂರಿಸಿ ಎರಡು ಕಾಲನ್ನೂ ಮಡಿಸಿದ ಮೇಲೆ ಅವಳು ಗಾಡಿ ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದಳು. ಚಕ್ರ ನೆಟ್ಟಗೆ ಓಡಿತು.

ಅಷ್ಟು ಹೊತ್ತಿಗೆ ಬಿಸಿಲು ಇಳಿದಿತ್ತು. ಹೆಂಡತಿ ಕೈ ತೊಳೆಯಲು ಬಿಸಿನೀರೂ ಸಾಬೂನೂ ತಂದಿಟ್ಟಳು. ದರ್ಜಿ ನೀರಿನ ಕಡೆ ನೋಡಿದ, ಏಳಲಿಲ್ಲ. ಅಂಗಳದಲ್ಲಿ ಇಟ್ಟಿಗೆಯ ಮೇಲೆ ಕೂತಿದ್ದವನು ಹಾಗೆಯೇ ಕೈ ಜೋಡಿಸಿದ. ಗ್ರೀಸು ಉಗುರಿನ ಒಳಗೆ ಕೂತಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಎಷ್ಟೋ ದಿನಗಳ ನಂತರ ಆ ಕೈಗಳು ಅವನಿಗೆ ಬರಿಯ ಕೈಗಳಾಗಿ ಕಂಡವು. ಕಣ್ಣು ಮುಚ್ಚಿದ. ಮಾತು ಹುಡುಕದೆಯೇ ಬಂತು.

“ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಇಷ್ಟು ದಿನ ಅವನ ಪರವಾಗಿ ಒಂದು ಮಾತು ಹೇಳಲಾರದೆ ಹೋದೆ, ಅದನ್ನು ಮನಸ್ಸಿಗೆ ತಂದುಕೊಳ್ಳಬೇಡ. ಅವನು ಕೇಳದೆ ತೆಗೆದುಕೊಂಡದ್ದೆಲ್ಲ ನಾನು ಕೊಟ್ಟದ್ದೆಂದೇ ತಿಳಿ. ನೋವಿನಲ್ಲೂ ಬೇರೆಯವರ ಮಕ್ಕಳನ್ನು ಉಳಿಸಿ ಬಂದವನು. ಅವನ ಎದೆಯ ನೋವು ಅಲ್ಲಿ ಇಲ್ಲದಿರಲಿ. ಅವನು ಆಡುವ ಮಾತಿಗೆ ನಿನ್ನ ಮನೆಯವರು ನಗಲಿ. ಅವನ ಜೀವ ದಣಿದಿದೆ, ಮಲಗಲು ತಂಪಾದ ಜಾಗ ಕೊಡು. ಅವನಿಗೆ ಶಾಂತಿ ಕೊಡು ತಂದೆಯೇ, ಅವನಿಗೆ ಶಾಂತಿ ಕೊಡು.”